ಅನ್ಯರ ಅಂತರ್ಯುದ್ಧದಲ್ಲಿ ಕೊಡಗಿನ ಜನರಲ್

ಬೆಂಗಳೂರಿನ ದಂಡು ಪ್ರದೇಶದ ಬೀದಿಗಳಲ್ಲಿ ಯುದ್ಧಗಳ ಹೆಸರೂ ಇವೆ, ಅಧಿಕಾರಿಗಳ ಹೆಸರೂ ಇವೆ. ಕುಕ್ ಟೌನಿನಿಂದ ಹಲಸೂರು ಕೆರೆಯ ಕಡೆಗೆ ಬಂದರೆ ಸಿಗುವುದು ಅಸ್ಸಾಯಿ ರಸ್ತೆ. 1803ರಲ್ಲಿ ವೆಲ್ಲೆಸ್ಲಿಯ ಸೇನೆ ಮರಾಠರನ್ನು ಸೋಲಿಸಿದ ಊರಿನ ಹೆಸರು ಅದು. ಕಾಕ್ಸ್ ಟೌನ್, ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್‌ಗಳೆಲ್ಲ ಬ್ರಿಟಿಷರ ಕಾಲದ ನೆನಪುಗಳೇ. ಸ್ವಾತಂತ್ರ್ಯಾನಂತರ ನಮ್ಮವರ ಹೆಸರುಗಳೂ ಬಂದವು. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಬಂತು, ರಿಚ್‌ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರು ಬಂತು. ಆದರೆ ಆಟೋದವರಿಗೆ ಹೇಳುವಾಗ ಇಂದಿಗೂ ಬಾಯಿಗೆ ಬರುವುದು ಹಳೆಯ ಹೆಸರೇ.

ಆ ತಿಮ್ಮಯ್ಯ ಯಾರು ಎಂದು ಕೇಳಿದರೆ, ‘ಭೂಸೇನೆಯ ದಂಡನಾಯಕರಾಗಿದ್ದ ಕೊಡಗಿನ ಜನರಲ್’ ಎಂಬ ಉತ್ತರ ಸಿಕ್ಕೀತು. ಕೃಷ್ಣ ಮೆನನ್ ಅವರ ಮೇಲೆ ಬೇಸರಗೊಂಡು ರಾಜೀನಾಮೆ ಕೊಟ್ಟವರು ಎಂದು ಹಿರಿಯರು ಸೇರಿಸಬಹುದು. ಎರಡೂ ನಿಜವೇ. ಆದರೆ ಅವರ ವೃತ್ತಿಜೀವನದ ಅತ್ಯಂತ ಕಠಿಣವಾದ ಎರಡು ಹೊಣೆಗಳು ಭಾರತದ ಯಾವ ಗಡಿಯಲ್ಲೂ ಇರಲಿಲ್ಲ. ಒಂದು ಕೊರಿಯಾದಲ್ಲಿತ್ತು, ಇನ್ನೊಂದು ಸೈಪ್ರಸ್ಸಿನಲ್ಲಿ. ಎರಡೂ ಕಡೆ ನಡೆದಿದ್ದು ಒಂದೇ ನೆಲದ ಜನ ಎರಡು ಪಾಳೆಯಗಳಾಗಿ ಒಡೆದು ಮಾಡಿದ ಕಾದಾಟ. ತಿಮ್ಮಯ್ಯನವರಿಗೆ ಅಲ್ಲಿ ಗೆಲ್ಲುವ ಕೆಲಸ ಇರಲಿಲ್ಲ, ನಡುವೆ ನಿಲ್ಲುವ ಕೆಲಸ ಇತ್ತು.

ಅಂತರ್ಯುದ್ಧದ ಸೇನಾನಿ ಎಂದೊಡನೆ ಇತಿಹಾಸ ಓದಿದವರಿಗೆ ಅಮೆರಿಕದ ಗ್ರಾಂಟ್ ಮತ್ತು ಲೀ ನೆನಪಾಗುತ್ತಾರೆ. 1861ರಿಂದ 1865ರವರೆಗಿನ ಆ ಯುದ್ಧದಲ್ಲಿ ಇಬ್ಬರೂ ಒಂದೇ ಸೈನಿಕ ಶಾಲೆಯಲ್ಲಿ ಕಲಿತವರು, ಹಿಂದೆ ಒಂದೇ ಸೇನೆಯಲ್ಲಿ ದುಡಿದವರು. ತಿಮ್ಮಯ್ಯನವರ ಬದುಕಿನಲ್ಲೂ ಇಂತಹ ಒಡಕುಗಳು ಮತ್ತೆ ಮತ್ತೆ ಎದುರಾದವು. ಮೊದಲನೆಯದು ಸ್ವಂತ ಮನೆಯಲ್ಲಿ, ಎರಡನೆಯದು ಸ್ವಂತ ಸೇನೆಯಲ್ಲಿ. ಕೊರಿಯಾ ಮತ್ತು ಸೈಪ್ರಸ್ ಆ ಬಳಿಕ ಬಂದವು.

ಮಡಿಕೇರಿಯಿಂದ ದಂಡಿಗೆ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಕುಟುಂಬ. ಕೊಡಗು ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ್ಯ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಎಂಟನೆಯ ವಯಸ್ಸಿಗೆ ಹುಡುಗನನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಕಳಿಸಿದರು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. 1922ರಲ್ಲಿ ಡೆಹರಾಡೂನಿನಲ್ಲಿ ಭಾರತೀಯ ಹುಡುಗರಿಗಾಗಿ ಸೈನಿಕ ಶಾಲೆ ತೆರೆದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್.

1926ರ ಫೆಬ್ರುವರಿಯಲ್ಲಿ ಅಧಿಕಾರಿಯಾಗಿ ಹೊರಬಂದ ತಿಮ್ಮಯ್ಯನವರನ್ನು ಅಂದಿನ ಪದ್ಧತಿಯಂತೆ ಮೊದಲು ಒಂದು ಬ್ರಿಟಿಷ್ ದಳಕ್ಕೆ ಸೇರಿಸಿದರು. ಅದು ಬೆಂಗಳೂರಿನಲ್ಲಿದ್ದ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಸ್ಕಾಟಿಷ್ ಪಡೆ. ಹೀಗೆ ಶಾಲೆಗೆ ಹೋದ ಊರಿಗೇ ಅವರು ಅಧಿಕಾರಿಯಾಗಿ ಮರಳಿದರು. ಅಂದಿನ ಬೆಂಗಳೂರು ಎರಡು ಊರಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1809ರಿಂದ ಬೆಳೆದ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತದ್ದು, ಪೇಟೆ ಮೈಸೂರು ಮಹಾರಾಜರದು. ಎರಡಕ್ಕೂ ಒಂದೇ ನಗರಪಾಲಿಕೆ ಬಂದದ್ದು 1949ರಲ್ಲಿ.

ಮರುವರ್ಷ ಅವರು 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್ ಸೇರಿದರು. ಇದೇ ಇಂದಿನ ಕುಮಾವ್ ರೆಜಿಮೆಂಟ್. ದೇಶದಲ್ಲಿ ಸ್ವಾತಂತ್ರ್ಯ ಚಳವಳಿ ಬಿರುಸಾಗಿದ್ದ ಕಾಲವದು. ಪರರ ಸೇನೆಯಲ್ಲಿ ಇರುವುದೇ ಸರಿಯೇ ಎಂಬ ಪ್ರಶ್ನೆ ಆ ತಲೆಮಾರಿನ ಎಲ್ಲ ಭಾರತೀಯ ಅಧಿಕಾರಿಗಳನ್ನೂ ಕಾಡಿತ್ತು. ತಿಮ್ಮಯ್ಯ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರ ಬಳಿ ಈ ಮಾತೆತ್ತಿದಾಗ, ಕೆಲಸ ಬಿಡಬೇಡಿ, ನಾಳೆ ಸ್ವತಂತ್ರ ಭಾರತಕ್ಕೆ ನಿಮ್ಮಂಥವರು ಬೇಕಾಗುತ್ತಾರೆ ಎಂಬರ್ಥದ ಉತ್ತರ ಬಂತೆಂದು ಅವರ ಜೀವನಚರಿತ್ರೆ ಹೇಳುತ್ತದೆ.

1935ರಲ್ಲಿ ನೀನಾ ಅವರೊಂದಿಗೆ ಮದುವೆಯಾಯಿತು. ಅದೇ ವರ್ಷ ಮೇ 31ರಂದು ಕ್ವೆಟ್ಟಾ ನಗರವನ್ನು ಭೂಕಂಪ ನೆಲಸಮ ಮಾಡಿದಾಗ ದಂಪತಿ ಅಲ್ಲೇ ಇದ್ದರು. ಪರಿಹಾರ ಕಾರ್ಯದಲ್ಲಿ ದುಡಿದುದಕ್ಕೆ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು.

ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ

ಎರಡನೇ ಮಹಾಯುದ್ಧ ಆರಂಭವಾದಾಗ ತಿಮ್ಮಯ್ಯನವರ ಬೆಟಾಲಿಯನ್ ಮಲಯಾ–ಸಿಂಗಪುರ ಪ್ರದೇಶದಲ್ಲಿತ್ತು. ಮೇಲಧಿಕಾರಿಯೊಂದಿಗೆ ಹೊಂದಾಣಿಕೆಯಾಗದೆ ಅವರು ವರ್ಗ ಕೇಳಿ ಭಾರತಕ್ಕೆ ಬಂದರು. ಇದು ಅವರ ಬದುಕಿನ ತಿರುವಾಯಿತು. 1942ರ ಜನವರಿಯಲ್ಲಿ ಜಪಾನೀಯರ ಟ್ಯಾಂಕುಗಳು ಮಲಯಾದ ಸ್ಲಿಮ್ ನದಿಯ ಬಳಿ ಆ ಬೆಟಾಲಿಯನ್ನನ್ನು ನುಚ್ಚುನೂರು ಮಾಡಿದವು. ಫೆಬ್ರುವರಿ 15ರಂದು ಸಿಂಗಪುರ ಶರಣಾಯಿತು. ಸಾವಿರಾರು ಭಾರತೀಯ ಸೈನಿಕರು ಯುದ್ಧಕೈದಿಗಳಾದರು. ಆ ಕೈದಿಗಳಲ್ಲಿ ಅನೇಕರು ಸೇರಿ ಕಟ್ಟಿದ್ದೇ ಆಜಾದ್ ಹಿಂದ್ ಫೌಜ್.

ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಆ ಫೌಜಿಗೆ ಸೇರಿದರು. ತಿಮ್ಮಯ್ಯ ಬ್ರಿಟಿಷ್ ಭಾರತೀಯ ಸೇನೆಯಲ್ಲೇ ಉಳಿದರು. ಹೀಗೆ ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ದೇಶದ ಹೆಸರಿನಲ್ಲಿ ಎದುರುಬದುರು ಸೇನೆಗಳ ಸಮವಸ್ತ್ರ ತೊಟ್ಟರು. ಇಬ್ಬರಲ್ಲಿ ದೇಶಭಕ್ತ ಯಾರು ಎಂಬ ಪ್ರಶ್ನೆಗೆ ಅಂದು ಸುಲಭದ ಉತ್ತರ ಇರಲಿಲ್ಲ. ಇಂದು ನಾವು ಇಬ್ಬರನ್ನೂ ಗೌರವಿಸುತ್ತೇವೆ.

ಬರ್ಮಾದ ಅರಾಕಾನ್ ಪ್ರದೇಶದಲ್ಲಿ ತಿಮ್ಮಯ್ಯ ತಮ್ಮ ರೆಜಿಮೆಂಟಿನ ಎಂಟನೇ ಬೆಟಾಲಿಯನ್ನಿನ ಮುಖ್ಯಸ್ಥರಾಗಿ ಹೋರಾಡಿದರು. 1945ರ ಆರಂಭದಲ್ಲಿ ಕಾಂಗಾವ್ ಎಂಬಲ್ಲಿ ನಡೆದ ಕದನ ಭೀಕರವಾದದ್ದು. ಅಲ್ಲಿನ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ಮುಖ್ಯಸ್ಥರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್, ಎಲ್.ಪಿ. ಸೇನ್. ಮೂವರಿಗೂ ಡಿ.ಎಸ್.ಒ. ಪದಕ ದೊರೆಯಿತು. ಭಾರತೀಯರು ದೊಡ್ಡ ಪಡೆಗಳನ್ನು ನಡೆಸಬಲ್ಲರೇ ಎಂಬ ಸಂಶಯ ಅಲ್ಲಿಗೆ ಮುಗಿಯಿತು. ಬಳಿಕ ತಿಮ್ಮಯ್ಯನವರಿಗೆ 36ನೇ ಬ್ರಿಗೇಡಿನ ಹೊಣೆ ಬಂತು. ಯುದ್ಧಭೂಮಿಯಲ್ಲಿ ಬ್ರಿಗೇಡ್ ಮುನ್ನಡೆಸಿದ ಮೊದಲ ಭಾರತೀಯ ಎಂಬ ಕೀರ್ತಿ ಅವರದಾಯಿತು. ಯುದ್ಧಾನಂತರ ಜಪಾನಿಗೆ ಹೋದ ಕಾಮನ್‌ವೆಲ್ತ್ ಪಡೆಯಲ್ಲೂ ಅವರು ಒಂದು ಭಾರತೀಯ ಬ್ರಿಗೇಡಿನ ನಾಯಕರಾಗಿದ್ದರು.

ಒಡೆದ ಸೇನೆ, ಜೋಜಿಲಾ ಕಣಿವೆ

1947ರಲ್ಲಿ ದೇಶದ ಜೊತೆಗೆ ಸೇನೆಯೂ ಒಡೆಯಿತು. ಬಂದೂಕು, ಲಾರಿ, ಬ್ಯಾಂಡ್‌ಸೆಟ್ ಎಲ್ಲವನ್ನೂ ಲೆಕ್ಕ ಹಾಕಿ ಹಂಚಿಕೊಳ್ಳಲಾಯಿತು. ಕಾಂಗಾವ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ ಮೂರು ಬೆಟಾಲಿಯನ್ನುಗಳ ಪೈಕಿ ಹೈದರಾಬಾದ್ ಮತ್ತು ಪಂಜಾಬ್ ರೆಜಿಮೆಂಟುಗಳವು ಭಾರತದ ಪಾಲಿಗೆ ಬಂದವು. ಸೇನ್ ಅವರು ನಡೆಸಿದ್ದು ಬಲೂಚ್ ರೆಜಿಮೆಂಟಿನ ಬೆಟಾಲಿಯನ್. ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಕೆಲವೇ ತಿಂಗಳಲ್ಲಿ ಸೇನ್ ಅವರು ಕಾಶ್ಮೀರದಲ್ಲಿ ಆ ಕಡೆಯವರ ವಿರುದ್ಧವೇ ಬ್ರಿಗೇಡ್ ನಡೆಸಬೇಕಾಯಿತು.

ಮೇಜರ್ ಜನರಲ್ ಆದ ತಿಮ್ಮಯ್ಯ ಮೊದಲು ಪಂಜಾಬಿನಲ್ಲಿ ನಿರಾಶ್ರಿತರ ಸಾಗಣೆ, ರಕ್ಷಣೆಯ ಕೆಲಸ ನೋಡಿದರು. ಸಾಲುಗಟ್ಟಿ ಗಡಿ ದಾಟುತ್ತಿದ್ದ ಲಕ್ಷಾಂತರ ಜನರ ಕಾವಲು ಅದು. ನೆರೆಹೊರೆಯವರು ಒಬ್ಬರನ್ನೊಬ್ಬರು ಕೊಲ್ಲತೊಡಗಿದಾಗ ಸೈನಿಕನ ಕೈಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಅವರು ಮೊದಲು ಹತ್ತಿರದಿಂದ ಕಂಡದ್ದು ಇಲ್ಲಿ.

1948ರ ಮೇ ತಿಂಗಳಲ್ಲಿ ಕಾಶ್ಮೀರದ ಡಿವಿಜನ್ ಅವರ ಕೈಗೆ ಬಂತು. ಅದೇ ತಿಂಗಳು ಏರ್ ಕಮಡೋರ್ ಮೆಹರ್ ಸಿಂಗ್ ಅವರ ವಿಮಾನದಲ್ಲಿ ಕುಳಿತು ತಿಮ್ಮಯ್ಯ ಲೇಹ್‌ಗೆ ಇಳಿದರು. ಸುಮಾರು 11,500 ಅಡಿ ಎತ್ತರದ ಆ ಮರಳುನೆಲದಲ್ಲಿ ವಿಮಾನ ಇಳಿದದ್ದು ಅದೇ ಮೊದಲು. ಆದರೆ ಲಡಾಖನ್ನು ಉಳಿಸಿಕೊಳ್ಳಲು ನೆಲದ ದಾರಿಯೂ ಬೇಕಿತ್ತು. ಅದಕ್ಕೆ ಅಡ್ಡಲಾಗಿ 11,500 ಅಡಿಗೂ ಮಿಕ್ಕಿದ ಎತ್ತರದಲ್ಲಿ ಜೋಜಿಲಾ ಕಣಿವೆ ಇತ್ತು. ಎದುರಾಳಿಗಳು ಅಲ್ಲಿನ ಬಂಡೆಗಳ ಮರೆಯಲ್ಲಿ ಭದ್ರವಾಗಿ ಕೂತಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ವಿಫಲವಾಯಿತು.

ಆಗ ಹೊಳೆದದ್ದು ಟ್ಯಾಂಕು ಏರಿಸುವ ಉಪಾಯ. ಅಷ್ಟು ಎತ್ತರಕ್ಕೆ ಅದುವರೆಗೆ ಯಾರೂ ಟ್ಯಾಂಕು ಒಯ್ದು ಯುದ್ಧ ಮಾಡಿರಲಿಲ್ಲ. ಏಳನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಭಾಗ ಬಿಚ್ಚಿ, ಗುರುತು ಸಿಗದಂತೆ ಮುಚ್ಚಿ ಶ್ರೀನಗರ ದಾಟಿಸಿದರು. ಬಾಲತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳ ಹಾದಿ. ಅದನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅಂದರೆ ಹಲಸೂರು ಕೆರೆಯ ದಡದಲ್ಲಿ ಕೇಂದ್ರ ಹೊಂದಿರುವ ನಮ್ಮ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಕುಕ್ ಟೌನ್, ಹಲಸೂರು ಸುತ್ತಿನ ಜನ ದಿನವೂ ನೋಡುವ ಆ ಕಾಂಪೌಂಡಿನ ಹಿಂದೆ ಇಂಥ ಕಥೆಯೂ ಇದೆ.

ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಡಿವಿಜನ್ ಕಮಾಂಡರ್ ತಿಮ್ಮಯ್ಯನವರೇ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಎದುರಾಳಿಗಳು ಇದನ್ನು ನಿರೀಕ್ಷಿಸಿಯೇ ಇರಲಿಲ್ಲ. ಆ ತಿಂಗಳೊಳಗೆ ದ್ರಾಸ್, ಕಾರ್ಗಿಲ್ ವಶವಾಗಿ ಲೇಹ್ ದಾರಿ ತೆರೆಯಿತು. ಈ ರಂಗದ ಮೇಲಧಿಕಾರಿ ಮತ್ತೊಬ್ಬ ಕೊಡಗಿನವರು, ಕೆ.ಎಂ. ಕಾರ್ಯಪ್ಪ. 1949ರ ಜನವರಿ 1ರಂದು ಕದನವಿರಾಮವಾಯಿತು. ಆದರೆ ತಿಮ್ಮಯ್ಯನವರ ಮನೆ ಇದಕ್ಕೆ ಬೆಲೆ ತೆತ್ತಿತ್ತು. ಸೈನ್ಯದಲ್ಲೇ ಇದ್ದ ತಮ್ಮ ಸೋಮಯ್ಯ ಈ ಕಾಶ್ಮೀರ ಕಾರ್ಯಾಚರಣೆಯಲ್ಲಿ ತೀರಿಕೊಂಡಿದ್ದರು.

ಊರಿಗೆ ಹೋಗಲೊಲ್ಲದ ಕೈದಿಗಳು

1950ರ ಜೂನ್‌ನಲ್ಲಿ ಆರಂಭವಾದ ಕೊರಿಯಾ ಯುದ್ಧ ಮೂಲತಃ ಉತ್ತರ ಮತ್ತು ದಕ್ಷಿಣದ ಕೊರಿಯನ್ನರ ಅಂತಃಕಲಹ. ಅಮೆರಿಕ ಮತ್ತು ಚೀನಾ ಪ್ರವೇಶಿಸಿ ಅದು ಹಿರಿದಾಯಿತು. ಯುದ್ಧ ಒಂದೇ ಗೆರೆಯ ಮೇಲೆ ಹೆಚ್ಚುಕಡಿಮೆ ನಿಂತ ಮೇಲೂ ಶಾಂತಿ ಮಾತುಕತೆ ಬಹುಕಾಲ ಎಳೆಯಿತು. ಕಾರಣ ಯುದ್ಧಕೈದಿಗಳ ಪ್ರಶ್ನೆ.

ಯುದ್ಧ ಮುಗಿದ ಮೇಲೆ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವುದು ವಾಡಿಕೆ. ಆದರೆ ಇಲ್ಲಿ ಸಾವಿರಾರು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಾವು ಮರಳುವುದಿಲ್ಲ ಎಂದರು. ಅವರ ಇಷ್ಟಕ್ಕೆ ವಿರುದ್ಧವಾಗಿ ಕಳಿಸಲಾಗದು ಎಂದು ಅಮೆರಿಕ ಹೇಳಿತು. ಅದು ನಿಜವಾದ ಇಷ್ಟವೇ ಅಲ್ಲ, ಬೆದರಿಕೆಯ ಫಲ ಎಂದು ಚೀನಾ ಹೇಳಿತು. ಎರಡು ವಾದಗಳಲ್ಲೂ ಸತ್ಯಾಂಶವಿತ್ತು. ಕೊನೆಗೆ ಒಂದು ಉಪಾಯ ಹುಡುಕಲಾಯಿತು. ಮರಳಲೊಲ್ಲದವರನ್ನು ತಟಸ್ಥರ ವಶಕ್ಕೆ ಕೊಡುವುದು, ಅವರವರ ದೇಶದ ಪ್ರತಿನಿಧಿಗಳು ಬಂದು 90 ದಿನ ತಿಳಿಹೇಳುವುದು, ಆಮೇಲೆ ಕೈದಿಯೇ ತೀರ್ಮಾನಿಸುವುದು.

1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ ಹೀಗೆ ಐದು ಸದಸ್ಯ ದೇಶಗಳು. ಅಧ್ಯಕ್ಷತೆ ಭಾರತದ್ದು, ಅಧ್ಯಕ್ಷರು ತಿಮ್ಮಯ್ಯ. ಪಶ್ಚಿಮದತ್ತ ವಾಲಿದ ಎರಡು ದೇಶ, ಕಮ್ಯುನಿಸ್ಟ್ ಬಣದ ಎರಡು ದೇಶ. ಆದ್ದರಿಂದ ಹೆಚ್ಚಿನ ಪ್ರಶ್ನೆಗಳಲ್ಲಿ ನಿರ್ಣಾಯಕ ಮತ ತಿಮ್ಮಯ್ಯನವರದೇ ಆಗುತ್ತಿತ್ತು. ಕೈದಿಗಳನ್ನು ಕಾಯಲು ಸುಮಾರು 6,000 ಭಾರತೀಯ ಸೈನಿಕರು ಹೋದರು. ಅವರ ಮುಖ್ಯಸ್ಥರು ಕಾಂಗಾವ್‌ನ ಹಳೆಯ ಗೆಳೆಯ ಥೋರಟ್.

ಆರಂಭದಲ್ಲೇ ಅವಮಾನ ಎದುರಾಯಿತು. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದು ಎಂದರು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ. ಹೀಗಾಗಿ ಇಂಚಾನ್ ಬಂದರಿನ ಹಡಗುಗಳಿಂದ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಅಲ್ಲಿ ನಮ್ಮವರು ಕಟ್ಟಿಕೊಂಡ ಡೇರೆಗಳ ಊರಿಗೆ ‘ಹಿಂದ್ ನಗರ’ ಎಂದು ಹೆಸರಿಟ್ಟರು.

ಅವರ ವಶಕ್ಕೆ ಬಂದ ಕೈದಿಗಳು ಸುಮಾರು 22,600 ಮಂದಿ. ಅವರಲ್ಲಿ 14,000ಕ್ಕೂ ಹೆಚ್ಚು ಚೀನೀಯರು, ಉಳಿದವರು ಕೊರಿಯನ್ನರು. ಮತ್ತೊಂದು ಕಡೆಯಿಂದ ಬಂದವರು 359 ಮಂದಿ. ಅವರಲ್ಲಿ 23 ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ, ಉಳಿದವರು ದಕ್ಷಿಣ ಕೊರಿಯನ್ನರು. ದೊಡ್ಡ ಶಿಬಿರಗಳ ಒಳಗೆ ಕೈದಿಗಳದೇ ನಾಯಕತ್ವ, ಕೈದಿಗಳದೇ ದಂಡನೆ. ಊರಿಗೆ ಹೋಗುತ್ತೇನೆ ಎಂದವನಿಗೆ ಏಟು ಬೀಳುತ್ತಿತ್ತು, ಕೆಲವೊಮ್ಮೆ ಜೀವವೇ ಹೋಗುತ್ತಿತ್ತು. ರಾತ್ರಿ ಮುಳ್ಳುತಂತಿ ಹಾರಿ ಕಾವಲುಗಾರನ ಬಳಿ ಓಡಿ ಬಂದವರುಂಟು. ಒಮ್ಮೆ ಕೈದಿಗಳು ಒಬ್ಬ ಭಾರತೀಯ ಮೇಜರನ್ನೇ ಒತ್ತೆ ಇಟ್ಟುಕೊಂಡರು. ಥೋರಟ್ ಆಯುಧವಿಲ್ಲದೆ ಒಳಗೆ ಹೋಗಿ, ಮಾತಿನಲ್ಲೇ ಅವರನ್ನು ಬಿಡಿಸಿ ತಂದರು. ಅಕ್ಟೋಬರಿನ ಮೊದಲ ದಿನಗಳಲ್ಲಿ ಗಲಭೆ ಮಿತಿಮೀರಿ ಕಾವಲಿನವರು ಗುಂಡು ಹಾರಿಸಿದಾಗ ಕೆಲವು ಕೈದಿಗಳು ಸತ್ತರು.

ತಿಳಿಹೇಳುವ ಕೆಲಸ ಅಂದುಕೊಂಡಂತೆ ಸಾಗಲಿಲ್ಲ. ಕೈದಿಗಳು ಡೇರೆಯಿಂದ ಹೊರಬರಲೊಪ್ಪಲಿಲ್ಲ. ಬಲವಂತವಾಗಿ ಎಳೆತನ್ನಿ ಎಂದು ಒಂದು ಬಣ, ಮುಟ್ಟಬೇಡಿ ಎಂದು ಇನ್ನೊಂದು ಬಣ. ಬಲ ಪ್ರಯೋಗಿಸಿದರೆ ನೂರಾರು ಹೆಣ ಬೀಳುವುದು ಖಚಿತವಿತ್ತು. ತಿಮ್ಮಯ್ಯ ಬಲ ಪ್ರಯೋಗಕ್ಕೆ ಒಪ್ಪಲಿಲ್ಲ. 90 ದಿನಗಳ ಅವಧಿಯಲ್ಲಿ ಮಾತುಕತೆ ನಡೆದದ್ದು ಹತ್ತು ದಿನ ಮಾತ್ರ. ಆ ದೊಡ್ಡ ಸಂಖ್ಯೆಯಲ್ಲಿ ಊರಿಗೆ ಮರಳಲು ಒಪ್ಪಿದವರು ಕೆಲವು ನೂರು ಮಂದಿ. ಅತ್ತ 23 ಅಮೆರಿಕನ್ನರಲ್ಲಿ ಮನಸ್ಸು ಬದಲಿಸಿದವರು ಇಬ್ಬರು.

ಉಳಿದವರನ್ನು ಏನು ಮಾಡುವುದು? ಇದನ್ನು ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಅವರನ್ನು ಬಿಡುಗಡೆ ಮಾಡುವ ಅಧಿಕಾರ ತನಗಿಲ್ಲ, ಶಾಶ್ವತವಾಗಿ ಹಿಡಿದಿಡಲೂ ಆಗದು ಎಂದು ತಿಮ್ಮಯ್ಯ 1954ರ ಜನವರಿ 20ರಿಂದ ಕೈದಿಗಳನ್ನು ಮೊದಲು ಹಿಡಿದಿದ್ದ ಕಡೆಯವರಿಗೇ ಒಪ್ಪಿಸಿದರು. ಎರಡು ಬಣಗಳೂ ಅಸಮಾಧಾನಗೊಂಡವು. ಚೀನೀ ಕೈದಿಗಳಲ್ಲಿ ಹೆಚ್ಚಿನವರು ತೈವಾನಿಗೆ ಹೋದರು. ಎರಡೂ ಕೊರಿಯಾ ಬೇಡ, ಎರಡೂ ಚೀನಾ ಬೇಡ ಎಂದ 88 ಮಂದಿ ನಮ್ಮ ಸೈನಿಕರ ಜೊತೆ ಭಾರತಕ್ಕೆ ಬಂದರು.

ಸಿಂಗಪುರದಿಂದ ವರ್ಗವಾಗಿ ಬರದಿದ್ದರೆ ತಿಮ್ಮಯ್ಯ ತಾವೂ 1942ರಲ್ಲಿ ಯುದ್ಧಕೈದಿಯಾಗುವ ಸಂಭವವಿತ್ತು. ತಮ್ಮ ಬೆಟಾಲಿಯನ್ನಿನ ಸಂಗಾತಿಗಳು ಸೆರೆಯಲ್ಲಿ ಯಾವ ಕಡೆ ಸೇರುವುದೆಂದು ಆರಿಸಿಕೊಳ್ಳಬೇಕಾಗಿ ಬಂದದ್ದನ್ನು ಅವರು ಬಲ್ಲರು. ತಂತಿಯ ಒಳಗೆ ಕೂತವನ ಆಯ್ಕೆ ಎಷ್ಟರಮಟ್ಟಿಗೆ ಸ್ವಂತದ್ದು ಎಂಬ ಪ್ರಶ್ನೆ ಅವರಿಗೆ ಹೊಸದಾಗಿರಲಾರದು. ಕೊರಿಯಾದ ಅನುಭವವನ್ನು ಬರೆದಿಟ್ಟ ಅವರ ಪುಸ್ತಕ ಅಚ್ಚಾದದ್ದು 1981ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. 1954ರಲ್ಲಿ ಸರಕಾರ ಪದ್ಮಭೂಷಣ ನೀಡಿತು.

ದಂಡನಾಯಕರ ರಾಜೀನಾಮೆ

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವರು ವಿ.ಕೆ. ಕೃಷ್ಣ ಮೆನನ್. ಬಡ್ತಿಗಳಲ್ಲಿ ಸಚಿವರ ಕೈವಾಡ, ಚೀನಾ ಗಡಿಯ ಸಿದ್ಧತೆ, ಇವುಗಳ ಬಗ್ಗೆ ಇಬ್ಬರಿಗೂ ಸರಿಬರಲಿಲ್ಲ. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒಲಿಸಿ ಹಿಂದಕ್ಕೆ ಪಡೆಯುವಂತೆ ಮಾಡಿದರು. ಸುದ್ದಿ ಹೊರಬಿದ್ದ ಮೇಲೆ ಸಂಸತ್ತಿನಲ್ಲಿ ನೆಹರೂ ಸಚಿವರ ಪರ ನಿಂತು, ಸೇನೆಗಿಂತ ನಾಗರಿಕ ಸರಕಾರವೇ ಮೇಲು ಎಂಬ ತತ್ತ್ವವನ್ನು ಎತ್ತಿಹಿಡಿದರು. ತತ್ತ್ವ ಸರಿಯೇ. ಆದರೆ ದಂಡನಾಯಕರ ಎಚ್ಚರಿಕೆಗೆ ಸಿಗಬೇಕಾದ ಕಿವಿ ಸಿಗಲಿಲ್ಲ. 1961ರ ಮೇನಲ್ಲಿ ತಿಮ್ಮಯ್ಯ ನಿವೃತ್ತರಾದರು. ಚೀನಾವನ್ನು ಭಾರತ ಒಂಟಿಯಾಗಿ ಎದುರಿಸುವುದು ಸೈನಿಕನಾಗಿ ತಮಗೆ ಊಹಿಸಲಾಗದ ಮಾತೆಂದು 1962ರ ಜುಲೈನಲ್ಲಿ ಅವರು ಲೇಖನವೊಂದರಲ್ಲಿ ಬರೆದರು. ಅಕ್ಟೋಬರಿನಲ್ಲಿ ಯುದ್ಧ ಬಂದೇಬಿಟ್ಟಿತು.

ಸೈಪ್ರಸ್: ಕೊನೆಯ ಕಾವಲು

ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ. ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಗ್ರೀಕರು, ಉಳಿದವರಲ್ಲಿ ಹೆಚ್ಚಿನವರು ತುರ್ಕರು. 1960ರಲ್ಲಿ ಸ್ವತಂತ್ರವಾದ ದೇಶದಲ್ಲಿ 1963ರ ಡಿಸೆಂಬರಿನಲ್ಲಿ ಎರಡು ಸಮುದಾಯಗಳ ನಡುವೆ ಹತ್ಯೆಗಳು ಆರಂಭವಾದವು. ಒಂದೇ ಊರಿನಲ್ಲಿ ಮಸೀದಿ, ಇಗರ್ಜಿ ಎರಡನ್ನೂ ಹೊಂದಿದ್ದ ಹಳ್ಳಿಗಳು ಒಡೆದವು. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತು. ಮೊದಲ ಕಮಾಂಡರ್ ಭಾರತದ ಪಿ.ಎಸ್. ಗ್ಯಾನಿ. ಜುಲೈನಲ್ಲಿ ಆ ಸ್ಥಾನಕ್ಕೆ ತಿಮ್ಮಯ್ಯ ಬಂದರು. ಆಗ ಅವರಿಗೆ 58 ವರ್ಷ.

ಅವರ ಕೈಯಲ್ಲಿದ್ದದ್ದು ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರು. ಆತ್ಮರಕ್ಷಣೆಗೆ ಹೊರತು ಗುಂಡು ಹಾರಿಸುವಂತಿಲ್ಲ. ಯಾವ ಊರನ್ನೂ ಗೆದ್ದುಕೊಳ್ಳುವಂತಿಲ್ಲ. ಬಂದ ಮರುತಿಂಗಳಲ್ಲೇ, ಅಂದರೆ ಆಗಸ್ಟಿನಲ್ಲಿ, ಕೊಕ್ಕಿನಾ ಎಂಬ ಕರಾವಳಿಯಲ್ಲಿ ಕದನ ಸಿಡಿದು ತುರ್ಕಿಯ ವಿಮಾನಗಳು ಬಾಂಬ್ ಹಾಕಿದವು. ದೊಡ್ಡ ಯುದ್ಧವೇ ಆದೀತೆಂಬ ಭಯವಿತ್ತು. ಭದ್ರತಾ ಮಂಡಳಿಯ ಕರೆಯಂತೆ ಕದನ ನಿಂತಿತು.

ಅಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ಯಾವ ರಸ್ತೆಯಲ್ಲಿ ಯಾರ ಲಾರಿ ಹೋಗಬಹುದು, ಗೋಧಿ ಎಷ್ಟು ಮೂಟೆ, ಯಾವ ಮೂಲೆಯ ಮರಳುಚೀಲ ತೆಗೆಯಬೇಕು, ಹೊಲಕ್ಕೆ ಹೋಗುವ ರೈತನಿಗೆ ಯಾರು ಬೆಂಗಾವಲು ಎಂಬಂಥ ಪ್ರಶ್ನೆಗಳು. ರಾಜಧಾನಿ ನಿಕೋಸಿಯಾದಿಂದ ಉತ್ತರದ ಕೈರೀನಿಯಾ ಬಂದರಿಗೆ ಹೋಗುವ ರಸ್ತೆ ತುರ್ಕರ ಹಿಡಿತದಲ್ಲಿತ್ತು. 1964ರ ಅಕ್ಟೋಬರಿನಲ್ಲಿ ಅದು ಶಾಂತಿಪಡೆಯ ಸುಪರ್ದಿಗೆ ಬಂತು. ಗ್ರೀಕರ ವಾಹನಗಳು ಬೆಂಗಾವಲಿನಲ್ಲಿ ಸಾಲಾಗಿ ಓಡಾಡತೊಡಗಿದವು. ಜೋಜಿಲಾದಲ್ಲಿ ದಾರಿ ತೆರೆಯಲು ಟ್ಯಾಂಕು ಬೇಕಾಯಿತು. ಇಲ್ಲಿ ದಾರಿ ತೆರೆದದ್ದು ಮಾತುಕತೆಯಿಂದ. ಅಲ್ಲಿ ಗೆದ್ದ ದಿನ ಯಾವುದೆಂದು ನಮಗೆ ಗೊತ್ತು. ಇಲ್ಲಿ ಅಂಥ ಒಂದು ದಿನವನ್ನು ತೋರಿಸಲಾಗದು. ಒಂದು ಹಳ್ಳಿಯಲ್ಲಿ ಇವತ್ತು ಯಾರೂ ಸಾಯಲಿಲ್ಲ ಎಂಬುದಷ್ಟೇ ಲೆಕ್ಕ. ಅದನ್ನು ಯಾವ ಪತ್ರಿಕೆಯೂ ಮುಖಪುಟದಲ್ಲಿ ಹಾಕುವುದಿಲ್ಲ.

1965ರ ಡಿಸೆಂಬರ್ 18ರಂದು ತಿಮ್ಮಯ್ಯ ಸೈಪ್ರಸ್ಸಿನಲ್ಲಿ ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತರಲಾಯಿತು. ಮರುವರ್ಷ ಸೈಪ್ರಸ್ ಸರಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಾಕಾ ನಗರದ ಒಂದು ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ.

ಹಾಗಾದರೆ ಅವರ ಶ್ರಮ ಫಲಿಸಿತೇ? 1974ರಲ್ಲಿ ಗ್ರೀಕ್ ಸೇನಾಧಿಕಾರಿಗಳ ಕ್ಷಿಪ್ರಕ್ರಾಂತಿ, ಅದರ ಬೆನ್ನಿಗೆ ತುರ್ಕಿಯ ಆಕ್ರಮಣ ನಡೆದು ದ್ವೀಪ ಎರಡಾಯಿತು. ಕೊರಿಯಾದಲ್ಲೂ ಕದನವಿರಾಮದ ಗೆರೆಯೇ ಗಡಿಯಾಗಿ ಉಳಿದಿದೆ, ಶಾಂತಿ ಒಪ್ಪಂದ ಆಗಿಲ್ಲ. ನಡುವೆ ನಿಂತ ಸೈನಿಕ ಜಗಳವನ್ನು ಬಗೆಹರಿಸಲಾರ, ಬಗೆಹರಿಸಬೇಕಾದವರಿಗೆ ಸಮಯ ಕೊಡಬಲ್ಲ. ಆ ಸಮಯವನ್ನು ಅವರು ಬಳಸದಿದ್ದರೆ ಹೊಣೆ ಸೈನಿಕನದಲ್ಲ. 1964ರಲ್ಲಿ ಸೈಪ್ರಸ್ಸಿಗೆ ಶಾಂತಿಪಡೆ ಕಳಿಸುವಾಗ ವಿಶ್ವಸಂಸ್ಥೆ ಅದಕ್ಕೆ ಕೊಟ್ಟ ಅವಧಿ ಮೂರು ತಿಂಗಳು. ಆ ಪಡೆ ಇಂದಿಗೂ ಅಲ್ಲಿದೆ.